ಮಗನ ಆಕ್ಯುಪೇಶನಲ್ ಥೆರಪಿ, ವರ್ಷ ದಾಟಿದ ಮೇಲೆ: ಅಮ್ಮನ್ನ ಒಳಗೆ ಬಿಡದ ಸೆಂಟರ್‌ಗೆ ದುಡ್ಡು ಕಟ್ಟಬೇಡಿ

ಮೈಸೂರಲ್ಲಿ ನಮ್ಮ ಹುಡುಗನಿಗೆ ಓಟಿ, ಅಂದ್ರೆ ದಿನನಿತ್ಯದ ಕೆಲಸ ತಾನೇ ಮಾಡ್ಕೊಳ್ಳೋಕೆ ಕಲಿಸೋ ಆಕ್ಯುಪೇಶನಲ್ ಥೆರಪಿ, ಶುರು ಮಾಡಿಸಿ ವರ್ಷದ ಮೇಲಾಯ್ತು. ಎರಡು ಸೆಂಟರ್ ನೋಡಿದೀವಿ, ಎರಡರ ಹೆಸರೂ ಇಲ್ಲಿ ಹಾಕಲ್ಲ, ಅಲ್ಲಿ ಕೆಲಸ ಹೇಗೆ ಮಾಡ್ತಾರೆ ಅನ್ನೋದು ಗೊತ್ತಾದ್ರೆ ಬೇರೆ ಊರಿನವರಿಗೂ ಉಪಯೋಗಕ್ಕೆ ಬರುತ್ತೆ. ಮೊದಲನೇ ಕಡೆ ಅಪ್ಪ ಅಮ್ಮನ್ನ ಬಾಗಿಲಾಚೆ ಕೂರಿಸ್ತಾರೆ, ಎರಡನೇ ಕಡೆ ಒಳಗೆ ಕರೀತಾರೆ. ನನ್ನ ಸಂಕಟ, ಸಂತೋಷ ಎರಡೂ ಇದರಲ್ಲೇ ಬಂತು.

ಹುಡುಗನಿಗೆ ಈಗ ಎಂಟು ನಡೀತಿದೆ. ಮಾತು ಚೆನ್ನಾಗಿ ಆಡ್ತಾನೆ, ಕನ್ನಡ ಗಡಗಡ ಓದ್ತಾನೆ, ಮಗ್ಗಿ ಬಾಯಲ್ಲೇ ಹೇಳ್ತಾನೆ. ಆದ್ರೆ ಶರ್ಟ್ ಗುಂಡಿ ಹಾಕೋಕೆ ಬರ್ತಿರಲಿಲ್ಲ, ಚಪಾತಿ ಹರಿದು ತಿನ್ನೋಕಾಗ್ತಿರಲಿಲ್ಲ, ಬಾಲ್ ಎಸೆದ್ರೆ ಎದೆಗೆ ಬಡಿದ ಮೇಲೆ ಕೈ ಮುಚ್ಚೋನು, ಬರೆಯೋಕೆ ಕೂತ್ರೆ ನಾಲ್ಕು ಸಾಲಿಗೆ ಕೈ ನೋವು ಅಂತ ಅಳೋನು. ಸ್ಕೂಲಲ್ಲಿ ಗಮನ ಇಲ್ಲ ಅಂದ್ರು, ನಮ್ಮತ್ತೆ "ಇವರಪ್ಪನೂ ಹಿಂಗೇ ಇದ್ದ ಬಿಡಮ್ಮ, ದೊಡ್ಡೋನಾದ್ರೆ ಸರಿಹೋಗ್ತಾನೆ" ಅಂದ್ರು. ಕೊನೆಗೆ ಮಕ್ಕಳ ಡಾಕ್ಟ್ರು ಎಲ್ಲ ಪರೀಕ್ಷೆ ಮಾಡಿ ಇದು ಡಿಸಿಡಿ ಅಂದ್ರು, ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್. ಬುದ್ಧಿಗೆ ಏನೂ ಆಗಿಲ್ಲ, ಕೈಕಾಲು ಹೊಸ ಕೆಲಸ ಕಲಿಯೋದು ಮಾತ್ರ ಕಷ್ಟ. ಸ್ಕೂಲಿಗೆ ಹೋಗೋ ಮಕ್ಕಳಲ್ಲಿ ನೂರಕ್ಕೆ ಐದಾರು ಜನಕ್ಕೆ ಇದು ಇರುತ್ತಂತೆ, ಐದು ವರ್ಷದೊಳಗೆ ಸಾಮಾನ್ಯವಾಗಿ ಈ ಹೆಸರು ಕೊಡಲ್ಲವಂತೆ. ಅಂದ್ರೆ ಒಂದು ಕ್ಲಾಸಲ್ಲಿ ಒಬ್ರೋ ಇಬ್ರೋ ಇದ್ದೇ ಇರ್ತಾರೆ, "ಸೋಮಾರಿ" ಅನ್ನಿಸ್ಕೊಂಡು ಹಿಂದಿನ ಬೆಂಚಲ್ಲಿ. ಇದನ್ನ ಬರೀವಾಗಲೂ ನನಗೆ ಹೊಟ್ಟೆ ಉರಿಯುತ್ತೆ.

ಮೊದಲನೇ ಸೆಂಟರ್ ನೋಡಿದ ದಿನ ನಾವಿಬ್ರೂ ಖುಷಿಯಾಗಿಬಿಟ್ವಿ. ದೊಡ್ಡ ರೂಮು, ಸೂರಿಂದ ಇಳಿಬಿಟ್ಟ ಹಲಗೆ ಉಯ್ಯಾಲೆ, ಉದ್ದ ದಿಂಬಿನ ಥರ ಇರೋ ಬೋಲ್ಸ್ಟರ್ ಉಯ್ಯಾಲೆ, ಬಣ್ಣಬಣ್ಣದ ಬಾಲ್ ತುಂಬಿದ ತೊಟ್ಟಿ, ಟ್ರ್ಯಾಂಪೊಲಿನ್, ನೆಲಕ್ಕೆಲ್ಲ ಮೆತ್ತನೆ ಮ್ಯಾಟ್. ನಮ್ಮ ಹುಡುಗ ಬಾಗಿಲಲ್ಲೇ ಚಪ್ಪಲಿ ಬಿಸಾಕಿ ಓಡಿದ. ವಾರಕ್ಕೆ ಮೂರು ಸಲ, ಒಂದ್ಸಲಕ್ಕೆ ಮುಕ್ಕಾಲು ಗಂಟೆ, 800 ರೂಪಾಯಿ, ಮೂರು ತಿಂಗಳ ಪ್ಯಾಕೇಜ್ ಮುಂಗಡ. ತಿಂಗಳಿಗೆ ಹತ್ತಿರ ಹತ್ತು ಸಾವಿರ ಅಂದ್ರೆ ನಮ್ಮಂಥ ಒಂದೇ ಸಂಬಳದ ಮನೆಗೆ ಚಿಕ್ಕ ಮಾತಲ್ಲ, ಚೀಟಿ ಎತ್ತಿ ಕಟ್ಟಿದ್ವಿ.

ಅಲ್ಲಿಂದ ಶುರುವಾಯ್ತು ಬಾಗಿಲು. ಮಗು ಒಳಗೆ, ಬಾಗಿಲು ಹಾಕ್ಕೊಳ್ತು, ನಾವು ಹೊರಗೆ ಪ್ಲಾಸ್ಟಿಕ್ ಕುರ್ಚಿ ಮೇಲೆ. ಏನು ಮಾಡಿಸ್ತಿದೀರಾ ಅಂತ ಕೇಳಿದ್ರೆ "ಸೆನ್ಸರಿ ವರ್ಕ್ ಮಾಡ್ತಿದೀವಿ ಮೇಡಂ, ಪೇರೆಂಟ್ಸ್ ಇದ್ರೆ ಮಗು ಕೋಆಪರೇಟ್ ಮಾಡಲ್ಲ". ಮನೇಲಿ ಏನು ಮಾಡಿಸಲಿ ಅಂದ್ರೆ "ಇಲ್ಲಿ ಆಗ್ತಿದೆಯಲ್ಲ ಸಾಕು". ತಿಂಗಳ ಕೊನೆಗೆ ಇಂಗ್ಲಿಷಲ್ಲಿ ಎರಡು ಪುಟದ ರಿಪೋರ್ಟು, ವೆಸ್ಟಿಬ್ಯುಲರ್, ಪ್ರೊಪ್ರಿಯೊಸೆಪ್ಷನ್ ಅಂತೆಲ್ಲ. ಅದರಲ್ಲಿ ಗುಂಡಿ ಅನ್ನೋ ಪದ ಇಲ್ಲ, ಊಟ ಇಲ್ಲ, ಬರವಣಿಗೆ ಇಲ್ಲ. ಹುಡುಗ ಉಯ್ಯಾಲೆಯಲ್ಲಿ ಬ್ಯಾಲೆನ್ಸ್ ಮಾಡೋದು ಕಲ್ತ, ಅದು ನಿಜ, ಆದ್ರೆ ಬೆಳಿಗ್ಗೆ ಏಳೂವರೆಗೆ ಆಟೋ ಹಾರ್ನ್ ಹೊಡೀತಿರುವಾಗ ಶರ್ಟ್ ಗುಂಡಿ ನಾನೇ ಹಾಕ್ತಿದ್ದೆ. ಇದ್ದಕ್ಕಿದ್ದಂಗೆ ಥೆರಪಿಸ್ಟ್ ಬದಲಾದ್ರು, ಹೊಸಬರು ಬಂದು ಮತ್ತೆ ಮೊದಲಿಂದ ಅಸೆಸ್ಮೆಂಟ್, ಅದಕ್ಕೆ ಬೇರೆ ಫೀಸು.

ಉಯ್ಯಾಲೆ ಕೆಲಸವನ್ನ ನಾನು ಕೀಳು ಮಾಡ್ತಿಲ್ಲ. ಇದರ ಹಿಂದೆ ಇರೋದು ಸೆನ್ಸರಿ ಇಂಟಿಗ್ರೇಶನ್ ಅನ್ನೋ ಸಿದ್ಧಾಂತ, ಅಂದ್ರೆ ಸ್ಪರ್ಶ, ಶಬ್ದ, ಮೈ ಅಲುಗಾಟ ಇವನ್ನೆಲ್ಲ ಮೆದುಳು ಹೇಗೆ ಹೊಂದಿಸ್ಕೊಳ್ಳುತ್ತೆ ಅನ್ನೋದು, ಅಮೆರಿಕದ ಜೀನ್ ಏರ್ಸ್ ಅನ್ನೋ ಓಟಿ ತಜ್ಞೆ ಕಟ್ಟಿದ್ದು, ಶಬ್ದ, ಸ್ಪರ್ಶ ತಡೆಯೋಕಾಗದೆ ಒದ್ದಾಡೋ ಆಟಿಸಂ ಮಕ್ಕಳಿಗೆ ಇದರಿಂದ ನೆಮ್ಮದಿ ಸಿಕ್ಕಿದ್ದನ್ನ ಅದೇ ಕುರ್ಚಿ ಮೇಲೆ ಕೂತ ಬೇರೆ ಅಮ್ಮಂದಿರು ಹೇಳಿದಾರೆ, ನಾನು ನಂಬ್ತೀನಿ. ಆದ್ರೆ 2012ರಲ್ಲಿ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿನೇ ಒಂದು ಹೇಳಿಕೆ ಕೊಟ್ಟಿದೆ, ಈ ಥೆರಪಿ ಎಷ್ಟು ಕೆಲಸ ಮಾಡುತ್ತೆ ಅನ್ನೋದಕ್ಕೆ ಸಂಶೋಧನೆ ಕಡಿಮೆ, ಖಚಿತವಾಗೂ ಇಲ್ಲ, ಇದನ್ನ ಅಪ್ಪ ಅಮ್ಮಂದಿರಿಗೆ ತಿಳಿಸ್ಬೇಕು ಅಂತ. ನಮಗೆ ಯಾರೂ ತಿಳಿಸಲಿಲ್ಲ. ಡಿಸಿಡಿಗಂತೂ 2019ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳೋದು, ಮಗುಗೆ ಯಾವ ಕೆಲಸ ಬರಲ್ವೋ ಆ ಕೆಲಸವನ್ನೇ ಎದುರಿಗಿಟ್ಕೊಂಡು ಕಲಿಸಿ ಅಂತ. ಗುಂಡಿ ಬರಲ್ವಾ, ಗುಂಡಿ ಕಲಿಸಿ. ಪ್ಯಾಕೇಜ್ ಮುಗೀತಿದ್ದಂಗೆ ಬಿಟ್ವಿ.

ಎರಡನೇ ಕಡೆ ಸಣ್ಣ ಜಾಗ, ಮನೆಯೊಂದರ ಮುಂದಿನ ಎರಡು ರೂಮು. ಒಂದೇ ಉಯ್ಯಾಲೆ ಇದೆ, ಅದೂ ಹಗ್ಗದ್ದು. ನೋಡಿದ ತಕ್ಷಣ ನಮ್ಮನೆಯವರ ಮುಖ ಸಪ್ಪಗಾಯ್ತು. ಆದ್ರೆ ಮೇಡಂ ಮೊದಲ ದಿನವೇ ಹುಡುಗನ್ನ ಪಕ್ಕ ಕೂರಿಸ್ಕೊಂಡು "ನಿಂಗೇನು ಮಾಡೋಕೆ ಬರ್ಬೇಕು ಪುಟ್ಟ, ಅಮ್ಮಂಗೆ ಅಲ್ಲ, ನಿಂಗೆ" ಅಂತ ಕೇಳಿದ್ರು. ನಾನು ಅಕ್ಷರ ಅಂತಾನೆ ಅಂದ್ಕೊಂಡಿದ್ದೆ. ಅವನು "ಟಿಫಿನ್ ಡಬ್ಬಿ ತೆಗೀಬೇಕು" ಅಂದ. ದಿನಾ ಮಿಸ್ ಹತ್ರ ತಗೊಂಡು ಹೋಗ್ಬೇಕಂತೆ, ಎಲ್ರೂ ನಗ್ತಾರಂತೆ, ಎಷ್ಟೋ ದಿನ ಹಸಿವಿಲ್ಲ ಅಂತ ಡಬ್ಬಿ ಹಂಗೇ ವಾಪಸ್ ತಂದಿದಾನೆ. ಅಲ್ಲೀತನಕ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ.

ಆಮೇಲೆ ಅವರು ಮೂರು ಗುರಿ ಬರೆಸ್ಕೊಂಡ್ರು: ಡಬ್ಬಿ, ಗುಂಡಿ, ಸೈಕಲ್. ಒಂದೊಂದಕ್ಕೂ ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀಯ, ಈಗ ಎಷ್ಟು ಚೆನ್ನಾಗಿ ಮಾಡ್ತೀಯ, ನಿಂಗೆಷ್ಟು ಸಮಾಧಾನ ಇದೆ ಅಂತ ಅವನನ್ನೇ ಕೇಳಿದ್ರು. ಇದು ಕೆನಡಾದ ಓಟಿಗಳು ಮಾಡಿದ ಅಳತೆಯಂತೆ. ಕಲಿಸೋ ರೀತಿಗೆ ಕೋ-ಆಪ್ ಅಂತಾರೆ, ಮಗುನೇ ಯೋಚಿಸಿ ದಾರಿ ಕಂಡ್ಕೊಳ್ಳೋದು, ಅದೂ ಅಲ್ಲಿಂದಲೇ ಬಂದಿದ್ದು, ಸಾಮಾನ್ಯವಾಗಿ ಹತ್ತು ಹನ್ನೆರಡು ಸೆಶನ್‌ದು. ಗುರಿ, ಪ್ಲಾನ್, ಮಾಡು, ನೋಡು, ಈ ನಾಲ್ಕು ಮಾತು ಹುಡುಗನ ಬಾಯಲ್ಲಿ ಈಗ ಶ್ಲೋಕ ಆಗಿದೆ.

ಡಬ್ಬಿ ಕಥೆ ಹೇಳಲೇಬೇಕು. ಸ್ಟೀಲ್ ಡಬ್ಬಿ, ಎರಡೂ ಕಡೆ ಕ್ಲಿಪ್. ಅವನ ಮೊದಲ ಪ್ಲಾನ್ ಡಬ್ಬಿನ ಎದೆಗೆ ಅವಚಿ ಹಿಡ್ಕೊಂಡು ಎಳೆಯೋದು, ಚಿತ್ರಾನ್ನವೆಲ್ಲ ಮೇಡಂ ಟೇಬಲ್ ಮೇಲೆ. ಅವರು ಬೈಲಿಲ್ಲ, ತೋರಿಸಿಕೊಡಲೂ ಇಲ್ಲ, ನಂಗೆ ಕೈ ಚಾಚದಂಗೆ ಕಣ್ಣಲ್ಲೇ ಹೇಳಿದ್ರು, ಹುಡುಗನನ್ನ "ಏನಾಯ್ತು, ಯಾಕೆ ಜಾರ್ತು" ಅಂತ ಕೇಳಿದ್ರು. ಅವನು ಯೋಚನೆ ಮಾಡಿ ಟೇಬಲ್ ಮೇಲಿಟ್ಟ, ಡಬ್ಬಿ ಸರೀತು. "ಸರೀದಂಗೆ ಏನ್ಮಾಡ್ಬೋದು" ಅಂದ್ರು. ಕರ್ಚೀಫ್ ಒದ್ದೆ ಮಾಡಿ ಕೆಳಗೆ ಹಾಕೋದು ಅವನೇ ಕಂಡ್ಕೊಂಡ. ಬೆರಳ ತುದಿಯಲ್ಲಿ ಎಳೆದ್ರೆ ಆಗ್ತಿಲ್ಲ ಅಂತ ಅಂಗೈ ಬುಡದಿಂದ ಕ್ಲಿಪ್ಪನ್ನ ಮೇಲಕ್ಕೆ ನೂಕಿದ, ಟಕ್ ಅಂತ ಬಂತು. ಆ ಸದ್ದಿಗೆ ನಾನಲ್ಲೇ ಅತ್ತುಬಿಟ್ಟೆ. ಈಗ ದಿನಾ ಬೆಳಿಗ್ಗೆ ಬ್ಯಾಗಿಗೆ ಡಬ್ಬಿ ಹಾಕೋ ಮುಂಚೆ ಕರ್ಚೀಫ್ ಇದೆಯಾ ಅಂತ ಅವನೇ ನೋಡ್ಕೋತಾನೆ, ಸಂಜೆ ಡಬ್ಬಿ ಖಾಲಿ ಬರುತ್ತೆ.

ನಾನು ಒಳಗೆ ಕೂತಿದ್ದಕ್ಕೇ ಮನೇಲಿ ಅದನ್ನೇ ಮುಂದುವರಿಸೋಕಾಯ್ತು. ಗುಂಡಿಗೆ ಅವರು ಹೇಳಿದ್ದು ಕೊನೇ ಹೆಜ್ಜೆಯಿಂದ ಶುರು ಮಾಡಿ ಅಂತ: ಗುಂಡಿನ ಅರ್ಧ ತೂತಿಂದ ದಾಟಿಸಿ ನಾನು ಬಿಡೋದು, ಅವನು ಎಳೆದು ಮುಗಿಸೋದು. ಮುಗಿಸಿದ ಹೆಮ್ಮೆ ಅವನಿಗೇ. ವಾರಗಳು ಕಳೆದಂಗೆ ನಾನು ಒಂದೊಂದೇ ಹೆಜ್ಜೆ ಹಿಂದೆ ಸರಿಯೋದು. ಶುರುಗೆ ಕೆಳಗಿನ ಗುಂಡಿ, ಅದು ಕಣ್ಣಿಗೆ ಕಾಣುತ್ತೆ ಅಂತ, ಕಾಲರ್ ಗುಂಡಿ ಎಲ್ಲಕ್ಕಿಂತ ಕೊನೆಗೆ. ಶನಿವಾರ, ಭಾನುವಾರ ಟೈಮ್ ಇರುವಾಗ ಮಾತ್ರ ಪ್ರ್ಯಾಕ್ಟೀಸ್, ಸ್ಕೂಲ್ ದಿನ ಅವಸರದಲ್ಲಿ ಬೇಡ ಅಂದಿದ್ರು, ಇದು ಎಷ್ಟು ಸರಿ ಅಂತ ಆಟೋ ಕಾಯಿಸಿದ ಅಮ್ಮಂದಿರಿಗೆ ಗೊತ್ತು.

ಸಂಜೆ ಅಡುಗೆಮನೆ ಹೊತ್ತು ಅಂದ್ರೆ ನಂಗೀಗ ಪ್ರಾಣ. ಚಪಾತಿ ಹಿಟ್ಟು ನಾದೋದು ಅವನ ಕೆಲಸ, ಸ್ಟೂಲ್ ಮೇಲೆ ನಿಂತ್ಕೊಂಡು ಮೈಭಾರವೆಲ್ಲ ಹಾಕಿ ನಾದ್ತಾನೆ, ಆಮೇಲೆ ಉಂಡೆ ಮಾಡಿ ಸಾಲಾಗಿ ಇಡ್ತಾನೆ, ದೊಡ್ಡದು ಅಪ್ಪಂಗೆ, ಪುಟಾಣಿದು ಅಜ್ಜಿಗೆ. ಅವರೆಕಾಯಿ ಕಾಲದಲ್ಲಂತೂ ಹಬ್ಬ. ನಮ್ಮತ್ತೆ ಹಿತಕಿದ ಬೇಳೆಗೆ ಕಾಳು ನೆನೆಸಿಟ್ರೆ ಇಬ್ರೂ ಪಾತ್ರೆ ಮಧ್ಯ ಇಟ್ಕೊಂಡು ಕೂರ್ತಾರೆ, ಹೆಬ್ಬೆರಳು ತೋರುಬೆರಳ ಮಧ್ಯ ಹಿಸುಕಿದ್ರೆ ಕಾಳು ಚಿಮ್ಮಿ ಹಾರುತ್ತೆ, ಎಷ್ಟು ದೂರ ಹಾರ್ತು ಅಂತ ಇಬ್ರಿಗೂ ಪಂದ್ಯ. ಮೇಡಂಗೆ ಹೇಳಿದ್ರೆ ಅವರು ಕುಣಿದಾಡಿಬಿಟ್ರು, ಪೆನ್ಸಿಲ್ ಹಿಡಿಯೋಕೆ ಬೇಕಾದ ಬೆರಳ ಬಲ ಅದೇ ಅಂತ. ಅತ್ತೆ ರಂಗೋಲಿ ಪುಡಿ ಹಿಡಿಯೋದು ಕೂಡ ಅದೇ ಬೆರಳುಗಳಲ್ಲಿ, ಅದನ್ನೂ ಲಿಸ್ಟಿಗೆ ಸೇರಿಸಿದ್ರು. "ಸರಿಹೋಗ್ತಾನೆ ಬಿಡಮ್ಮ" ಅಂತಿದ್ದ ನಮ್ಮತ್ತೆ ಈಗ ಬೆಳಿಗ್ಗೆ ಅವನನ್ನ ಎಬ್ಬಿಸಿ ಚುಕ್ಕಿ ಇಡಿಸ್ತಾರೆ.

ಬರವಣಿಗೆ ಬಗ್ಗೆ ಒಂದು ಮಾತು ವಿಶೇಷವಾಗಿ. ಮೊದಲನೇ ಕಡೆ ಬರೆಸಿದ್ದಷ್ಟೂ ಇಂಗ್ಲಿಷ್ ಗೆರೆ ಪ್ರಿಂಟ್ ಮಾಡಿದ ಶೀಟು, ಅಡ್ಡಗೆರೆ, ಉದ್ದಗೆರೆ. ನಮ್ಮ ಹುಡುಗ ಕನ್ನಡ ಮೀಡಿಯಮ್, ನಮ್ಮ ಅಕ್ಷರ ಸುತ್ತೋದೇ ಹೆಚ್ಚು, ತಲೆಕಟ್ಟು ಬೇರೆ, ಒತ್ತಕ್ಷರ ಕೆಳಗೆ ಚಿಕ್ಕದಾಗಿ ಕೂರಿಸ್ಬೇಕು. ಈ ಮೇಡಂ ನಲಿ-ಕಲಿಯ ರ, ಗ, ಸ, ದ, ಅ ವರಸೆ ತಗೊಂಡ್ರು. 1995ರಲ್ಲಿ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆಯಲ್ಲೇ ಶುರುವಾದ ಪದ್ಧತಿ ಅದು. ವ ಬಂದ್ರೆ ಮ ಹತ್ತಿರ, ಪ ಬಂದ್ರೆ ಷ ಹತ್ತಿರ ಅಂತ ಕೈ ತಿರುಗೋ ದಾರಿ ನೋಡಿ ಅಕ್ಷರ ಜೋಡಿಸಿದ್ರು. ಗೋಡೆಗೆ ಸ್ಲೇಟು ತೂಗುಹಾಕಿ ಬಳಪದ ಚಿಕ್ಕ ತುಂಡು ಕೊಡಿ ಅಂದ್ರು, ತುಂಡು ಚಿಕ್ಕದಾದ್ರೆ ಮುಷ್ಟಿಯಲ್ಲಿ ಹಿಡಿಯೋಕಾಗಲ್ಲ, ತಾನಾಗೇ ಮೂರು ಬೆರಳಿಗೆ ಬರುತ್ತೆ. ಕೂತು ಬರೀವಾಗ ಕಾಲು ತೂಗಾಡ್ತಿದ್ರೆ ಕೈ ಸ್ಥಿರ ಇರಲ್ಲ ಅಂತ ಕಾಲಡಿಗೆ ಒಂದು ಮಣೆ. ಮನೇಲಿ ಬಿದ್ದಿದ್ದ ಮಣೆ, ಬಿಡಿಗಾಸು ಖರ್ಚಿಲ್ಲ. ಅಕ್ಷರ ಇನ್ನೂ ಸುಂದರವಾಗೇನಿಲ್ಲ, ಆದ್ರೆ ಒಂದು ಪುಟ ಅಳದೆ ಬರೀತಾನೆ.

ಇಲ್ಲೂ ಕೊರತೆ ಇದೆ. ಅಪಾಯಿಂಟ್ಮೆಂಟ್ ಸಿಗೋದು ಕಷ್ಟ, ಒಬ್ರೇ ಇರೋದ್ರಿಂದ ಅವರಿಗೆ ಹುಷಾರಿಲ್ಲ ಅಂದ್ರೆ ವಾರ ಹೋಯ್ತು. ವಾರಕ್ಕೊಂದು ಸಲ, 700 ರೂಪಾಯಿ, ಮನೆ ಕೆಲಸದ ಜವಾಬ್ದಾರಿಯೆಲ್ಲ ನಮ್ಮ ಮೇಲೆ. ಅಪ್ಪ ಅಮ್ಮ ಇಬ್ರೂ ಕೆಲಸಕ್ಕೆ ಹೋಗೋ ಮನೇಲಿ, ಅಜ್ಜಿ ತಾತ ಇಲ್ಲದಿದ್ರೆ ಇದು ಕಷ್ಟವೇ, ಅದನ್ನ ಮುಚ್ಚಿಡಲ್ಲ.

ದುಡ್ಡಿನ ವಿಷಯ ಕೇಳೋರಿಗೆ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುಅಂಗವೈಕಲ್ಯ ಇರೋ ಮಕ್ಕಳಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಇದೆ, ಒಂದು ಲಕ್ಷದವರೆಗೆ, ಥೆರಪಿಗೂ ಅದರಲ್ಲಿ ಭಾಗ ಇದೆ. ಡಿಸಿಡಿ ಆ ಪಟ್ಟಿಯಲ್ಲಿಲ್ಲ, ನಮಗೆ ಸಿಗಲಿಲ್ಲ. 2013ರಿಂದ ಇರೋ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳಿಗೆ ತಪಾಸಣೆ, ಚಿಕಿತ್ಸೆ ಉಚಿತ, ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಅಂತ, ಅಂದ್ರೆ ಮಕ್ಕಳ ಬೆಳವಣಿಗೆ ತೊಂದ್ರೆಗಳನ್ನ ಬೇಗ ಗುರುತಿಸಿ ನೆರವಾಗೋ ಕೇಂದ್ರ ಇರುತ್ತೆ, ಪ್ರೈವೇಟ್ ಪ್ಯಾಕೇಜ್‌ಗೆ ಸಾಲ ಮಾಡೋ ಮುಂಚೆ ಅಲ್ಲಿ ವಿಚಾರಿಸಿ. ಮಾತಿನ ತೊಂದ್ರೆಯೂ ಇದ್ರೆ ಮೈಸೂರಿನ ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ ಇದ್ದೇ ಇದೆ, ರಾಜ್ಯದ ಮೂಲೆಮೂಲೆಯಿಂದ ಜನ ಬರ್ತಾರೆ.

ಸೇರಿಸೋ ಮುಂಚೆ ಫೋನಲ್ಲೇ ಕೇಳಿ: ಥೆರಪಿಸ್ಟ್ ಬಿಓಟಿ, ಅಂದ್ರೆ ಬ್ಯಾಚುಲರ್ ಆಫ್ ಆಕ್ಯುಪೇಶನಲ್ ಥೆರಪಿ, ಓದಿದಾರಾ, ಅದು ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷಕ್ಕಿಂತ ಹೆಚ್ಚಿನ ಡಿಗ್ರಿ, ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಬೇರೆ. ನಾನು ಒಳಗೆ ಕೂರ್ಬಹುದಾ. ಮನೇಲಿ ಮಾಡಿಸೋದನ್ನ ಕನ್ನಡದಲ್ಲಿ ಬರೆದು ಕೊಡ್ತೀರಾ. ಕೆಲವು ಮಕ್ಕಳು ಅಮ್ಮ ಇದ್ರೆ ನಿಜವಾಗ್ಲೂ ಹಟ ಮಾಡ್ತಾರೆ, ಒಪ್ಪೋಣ, ಹಂಗಿದ್ರೆ ಕೊನೇ ಹತ್ತು ನಿಮಿಷವಾದ್ರೂ ಕರೀಲಿ, ಇಲ್ಲ ವಿಡಿಯೋ ತೋರಿಸ್ಲಿ. ಅದಕ್ಕೂ ಆಗಲ್ಲ ಅಂದ್ರೆ ಫೋನ್ ಇಟ್ಟುಬಿಡಿ.

ಸ್ಟಾರ್ ಕೊಡೋದಾದ್ರೆ ಮೊದಲನೇದಕ್ಕೆ ಐದಕ್ಕೆ ಒಂದೂವರೆ, ಎರಡನೇದಕ್ಕೆ ನಾಲ್ಕೂವರೆ. ಈಗ ತಿಂಗಳಿಗೊಂದು ಸಲ ಹೋದ್ರೆ ಸಾಕು ಅಂದಿದಾರೆ. ಡಬ್ಬಿಗೆ ಅವನು ತನಗೆ ತಾನೇ ಹತ್ತಕ್ಕೆ ಹತ್ತು ಕೊಟ್ಕೊಂಡಿದಾನೆ, ಗುಂಡಿಗೆ ಎಂಟು, ಕಾಲರ್‌ದು ಇನ್ನೂ ಬಾಕಿ ಅಂತ. ಸೈಕಲ್‌ಗೆ ಎರಡು. ಸದ್ಯಕ್ಕೆ ಪೆಡಲ್ ಬಿಚ್ಚಿಸಿ, ಸೀಟ್ ಇಳಿಸಿ, ಕಾಲಲ್ಲಿ ನೂಕ್ಕೊಂಡು ಬೀದಿ ಕೊನೆವರೆಗೆ ಹೋಗಿಬರ್ತಿದಾನೆ, ಪೆಡಲ್ ಹಾಕೋದು ದಸರಾ ರಜೆಗೆ ಅಂತ ಪ್ಲಾನ್. ಬಂದ್ರೆ ಇಲ್ಲೇ ಅಪ್ಡೇಟ್ ಮಾಡ್ತೀನಿ.