ಅಂಗಳಕ್ಕೆ ಉಣುಗಿನ ಔಷಧಿ ಹೊಡೆಸಿದ್ದು: 5ಕ್ಕೆ 3 ಸ್ಟಾರ್

ನಾವಿರೋದು ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಉಣುಗು ಕಚ್ಚಿ ಬ್ಯಾಕ್ಟೀರಿಯಾದಿಂದ ಬರುವ ಲೈಮ್ ಕಾಯಿಲೆಗೆ ಹೆಸರು ಕೊಟ್ಟ ಲೈಮ್ ಊರು ಇಲ್ಲಿಂದ ಅರ್ಧ ಗಂಟೆ ದಾರಿ. 1975ರ ಹೊತ್ತಿಗೆ ಆ ಕಡೆಯ ಮಕ್ಕಳ ಮಂಡಿ ಒಬ್ಬರಾದ ಮೇಲೊಬ್ಬರಿಗೆ ಊದಿಕೊಂಡಿತ್ತು. ವೈದ್ಯರು ಹುಡುಕಾಟ ಶುರು ಮಾಡಿದ್ದೇ ಆಗ.

ನಮ್ಮ ಹಿತ್ತಿಲಿಗೆ ತಾಗಿಕೊಂಡೇ ಕಾಡು. ಸಂಜೆಯಾದರೆ ಜಿಂಕೆಗಳು ಉಣುಗು ಹೊತ್ತು ಬಂದು ಗಿಡ ಮೇಯುತ್ತವೆ. ಹೋದ ವರ್ಷ ಮೇ ತಿಂಗಳಲ್ಲಿ ಔಷಧಿ ಹೊಡೆಯುವ ಕಂಪನಿಯೊಂದನ್ನು ಕರೆಸಿದೆ. ಒಂದು ಸಲಕ್ಕೆ 95 ಡಾಲರ್.

ಬಂದ ಹುಡುಗನಿಗೆ ಕೆಲಸ ಗೊತ್ತಿತ್ತು. ಬಿಸಿಲು ಬೀಳುವ ಹುಲ್ಲಿನ ನಡುವೆ ಸುಮ್ನೆ ಔಷಧಿ ಚೆಲ್ಲಲಿಲ್ಲ. ಕಾಡಿನ ಅಂಚು, ಕಲ್ಲಿನ ಗೋಡೆಯ ಬುಡ, ತರಗೆಲೆ ರಾಶಿ, ಅಲ್ಲಿಗಷ್ಟೇ ಹೊಡೆದ. ಒಣಗುವ ತನಕ ಬೆಕ್ಕನ್ನು ಒಳಗೇ ಇಟ್ಟುಕೊಳ್ಳಿ ಅಂದ. ಎರಡನೇ ಸಲ ಮಾತ್ರ ಹೇಳದೆ ಕೇಳದೆ ಬಂದುಬಿಟ್ಟರು. ಮಗನ ಶೂ ಹೊರಗೇ ಇತ್ತು. ಒಂದು ಸ್ಟಾರ್ ಅದಕ್ಕೇ ಹೋಯಿತು.

ಔಷಧಿ ಕೆಲಸ ಮಾಡಿತಾ? ಹೊಡೆಯುವ ಮುಂಚೆ ಬಿಳಿ ಬೆಡ್‌ಶೀಟನ್ನು ಕಾಡಿನ ಅಂಚಿಗೆ ಎಳೆದಿದ್ದೆ, 11 ಉಣುಗು ಹತ್ತಿತ್ತು. ಎರಡು ವಾರ ಬಿಟ್ಟು ಎಳೆದೆ, 3. ಖುಷಿಯಾಯಿತು.

ಜೂನ್‌ನಲ್ಲಿ ಮಗನಿಗೆ ಸ್ನಾನ ಮಾಡಿಸುವಾಗ ಮಂಡಿಯ ಹಿಂದೆ ಒಂದು ಗಸಗಸೆ ಕಾಳು ಅಂಟಿತ್ತು. ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಕಾಳಿಗೆ ಕಾಲಿತ್ತು! ಚೂಪು ತುದಿಯ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆದೆ. ಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು ಎಲ್ಲ ಮಾಡಬಾರದು. ಅದರ ಹೊಟ್ಟೆ ಊದಿರಲಿಲ್ಲ. ಬ್ಯಾಕ್ಟೀರಿಯಾ ನಮ್ಮ ಮೈಗೆ ಇಳಿಯಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಜಾಸ್ತಿ ಕಚ್ಚಿಕೊಂಡಿರಬೇಕು. ಮಾತ್ರೆ ಬೇಡ, ಒಂದು ತಿಂಗಳು ಚರ್ಮದ ಮೇಲೆ ಕಾಯಿಲೆಯ ಗುರುತಾದ ಕೆಂಪು ಉಂಗುರ ಏಳುತ್ತದಾ ನೋಡ್ತಾ ಇರಿ ಅಂದರು ಡಾಕ್ಟರು. ಏಳಲಿಲ್ಲ.

ಆಮೇಲೆ ಓದಿದೆ. 2011 ಮತ್ತು 2012ರಲ್ಲಿ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರು ಕನೆಕ್ಟಿಕಟ್, ನ್ಯೂಯಾರ್ಕ್, ಮೇರಿಲ್ಯಾಂಡ್‌ನಲ್ಲಿ ಕೆಲವು ಮನೆಗಳಿಗೆ ಔಷಧಿ, ಕೆಲವಕ್ಕೆ ಬರೀ ನೀರು ಹೊಡೆಸಿ ನೋಡಿದ್ದರಂತೆ. ಔಷಧಿ ಬಿದ್ದ ಅಂಗಳದಲ್ಲಿ ಉಣುಗು 63% ಕಡಿಮೆ. ಆದರೆ ಆ ಮನೆಯವರಿಗೆ ಉಣುಗು ಹತ್ತಿದ್ದೂ ಕಾಯಿಲೆ ಬಂದದ್ದೂ ಕಡಿಮೆಯಾಗಲಿಲ್ಲ. ನಮ್ಮ ಕಥೆಯೂ ಅದೇ ಅಲ್ವಾ? ಇನ್ನೊಂದು ವಿಷಯ, ಉಣುಗಿಗೆ ಈ ಬ್ಯಾಕ್ಟೀರಿಯಾ ಅಂಟಿಸುವುದು ಜಿಂಕೆಯಲ್ಲ, ಮುಖ್ಯವಾಗಿ ಬಿಳಿಗಾಲಿನ ಇಲಿ. ಅದರ ಸಂಸಾರ ನಮ್ಮ ಕಲ್ಲಿನ ಗೋಡೆಯೊಳಗೇ ಇದೆ.

ಈ ವರ್ಷ ನಾಲ್ಕು ಸಲದ ಬದಲು ಒಂದೇ ಸಲ ಹೊಡೆಸುತ್ತೇನೆ. 7 ಡಾಲರಿನ ಚಿಮಟ ಬಚ್ಚಲುಮನೆಯ ಮೊಳೆಗೆ ನೇತುಹಾಕಿದ್ದೇನೆ.

ಸಾಗರದಲ್ಲಿರುವ ಅಮ್ಮನಿಗೆ ಉಣುಗಿನಿಂದಲೇ ಬರುವ ಮಂಗನ ಕಾಯಿಲೆ ಗೊತ್ತು. ಬೆಟ್ಟಕ್ಕೆ ಸೊಪ್ಪು ತರಲು ಹೊರಟರೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೀಪಾ ಎಣ್ಣೆ ಹಚ್ಚಿಕೊಂಡೇ ಹೋಗೋದು. ಫೋನಿನಲ್ಲಿ ಇದನ್ನೆಲ್ಲ ಕೇಳಿ, "ನಾವು ಮೈಗೆ ಹಚ್ಚಿಕೊಳ್ತೀವಿ, ನೀವು ಭೂಮಿಗೇ ಹಚ್ತೀರಾ?" ಅಂದಳು.