ಹಳೇ ಮಹೀಂದ್ರಾ ಎಂಎಂ 540 ಜೀಪಿಗೆ ಹೊಸ ಮೀಟರ್ ಸೆಟ್: ಲೈಟ್ ಹಾಕಿದರೆ ಇಂಜಿನ್ ಬಿಸಿಯಂತೆ!

ಟೆಂಪರೇಚರ್, ಆಯಿಲ್ ಪ್ರೆಶರ್, ವೋಲ್ಟ್: ಮೂರು ಮೀಟರಿನ ಸೆಟ್ ಇದು. ಅಳತೆ, ಫೋಟೋ ಎಲ್ಲ ಮಾರುವವರ ಪೇಜಿನಲ್ಲೇ ಇದೆ, ಅದನ್ನು ಬಿಡಿ. ಮಳೆಗಾಲ, ಬೇಸಿಗೆ ಎರಡೂ ದಾಟಿಸಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಖುಷಿಯ ವಿಷಯ. ಬೆಳಿಗ್ಗೆ ಕೀ ತಿರುಗಿಸಿದರೆ ವೋಲ್ಟ್ ಮುಳ್ಳು 12 ದಾಟಿ ನಿಲ್ಲುತ್ತದೆ. ಹೀಟರ್ (ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ಇಂಜಿನ್ ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್) ಕೊಟ್ಟಾಗ 11ರ ಕಡೆಗೆ ಜಾರುತ್ತದೆ. ಸೆಲ್ಫ್ ಹೊಡೆದರೆ ಇನ್ನೂ ಕೆಳಗೆ. ಹಳೇ ಪ್ಯೂಜೋ ಡೀಸೆಲ್ ಇಂಜಿನ್ ಒಮ್ಮೆ ಕೆಮ್ಮಿ ಹಿಡಿಯಿತೋ, ಆಯಿಲ್ ಮುಳ್ಳು ಏಳುತ್ತದೆ, ವೋಲ್ಟ್ 14ರ ಹತ್ತಿರ ಬಂದು ಕೂರುತ್ತದೆ. ಅದನ್ನು ನೋಡದೆ ನಾನು ಗೇರ್ ಹಾಕುವುದಿಲ್ಲ. ಮನೆಯವರಿಗೆ ಇದು ಬರೀ ತಡ ಮಾಡುವ ನೆಪ.

ಇನ್ನು ತಲೆನೋವು. ಚಾರ್ಮಾಡಿ ಹತ್ತುವಾಗ ಟೆಂಪರೇಚರ್ 85ರಲ್ಲಿ ತೆಪ್ಪಗಿತ್ತು. ಕೊಟ್ಟಿಗೆಹಾರದ ಹತ್ತಿರ ಮಂಜು ಕವಿಯಿತು, ಲೈಟ್ ಹಾಕಿದೆ. ಮುಳ್ಳು ಸರ್ರನೆ ನೂರರ ಕಡೆಗೆ! ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದರೆ ಆವಿಯೂ ಇಲ್ಲ, ವಾಸನೆಯೂ ಇಲ್ಲ. ಲೈಟ್ ಆರಿಸಿದೆ, ಮುಳ್ಳು ವಾಪಸ್ 85ಕ್ಕೆ. ಮಂಜಿಗೆ ಇಂಜಿನ್ ಬಿಸಿಯಾಗುವುದು ಎಲ್ಲಾದರೂ ಉಂಟಾ?

ಮಾರಿದವರಿಗೆ ಮೆಸೇಜ್ ಹಾಕಿದರೆ ‘ಇಂಜಿನ್ ಚೆಕ್ ಮಾಡಿಸಿ ಸಾರ್’ ಅಂತ ಬಂತು. ಗ್ಯಾರೇಜಿನವನು ‘ರೇಡಿಯೇಟರ್ ಬಿಚ್ಚೋಣ ಅಣ್ಣಾ’ ಎಂದ. ಬೇಡಪ್ಪಾ ಎಂದು ಮನೆಗೆ ಬಂದು ಮಲ್ಟಿಮೀಟರ್ ಹಿಡಿದು ಕೂತೆ.

ಸೆನ್ಸರಿನ ವಯರ್ ಕಿತ್ತರೆ ಮುಳ್ಳು ತಣ್ಣನೆ ತುದಿಗೆ ಹೋಯಿತು. ಅದೇ ವಯರನ್ನು ಇಂಜಿನ್ ಬ್ಲಾಕಿಗೆ ಒಂದು ಕ್ಷಣ ಮುಟ್ಟಿಸಿದರೆ ಬಿಸಿ ತುದಿಗೆ ಓಡಿತು. ಅಂದರೆ ಆ ವಯರ್ ಸರಿ ಇದೆ, ಮೀಟರೂ ಕೆಲಸ ಮಾಡುತ್ತಿದೆ. ಆಗ ಕಣ್ಣಿಗೆ ಬಿದ್ದದ್ದು ಪಕ್ಕದ ವೋಲ್ಟ್ ಮೀಟರ್. ಲೈಟ್ ಹಾಕಿದಾಗ ಅದೂ ಒಂದು ವೋಲ್ಟಿಗಿಂತ ಜಾಸ್ತಿ ಇಳಿಯುತ್ತಿತ್ತು. ಬ್ಯಾಟರಿಯ ಮೇಲೆ ಅಳೆದರೆ ಅಷ್ಟು ಇಳಿತವೇ ಇಲ್ಲ. ಮೀಟರಿನ ಅರ್ತ್ ತುದಿಗೂ (ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ತುದಿ) ಬ್ಯಾಟರಿ ನೆಗೆಟಿವ್‌ಗೂ ನಡುವೆ ಅಳೆದೆ. ಕಳೆದುಹೋದ ವೋಲ್ಟು ಅಲ್ಲೇ ಕೂತಿತ್ತು!

ಸೆಟ್ಟಿನ ಜೊತೆ ಬಂದ ಅರ್ತ್ ವಯರ್ ಕೂದಲಿನಷ್ಟು ಸಪೂರ, ತುದಿಯ ಲಗ್ (ಸ್ಕ್ರೂಗೆ ಸಿಕ್ಕಿಸುವ ಲೋಹದ ಬಳೆ) ಅರೆಬರೆ ಒತ್ತಿದ್ದು. ಅದೂ ಪೇಂಟ್ ಬಳಿದ ಡ್ಯಾಶ್‌ಬೋರ್ಡಿಗೆ ಸೇರುತ್ತದೆ. ಮೀಟರಿನೊಳಗಿನ ಬಲ್ಬ್‌ಗಳ ಕರೆಂಟೂ ಅದೇ ದಾರಿ ಹಿಡಿಯುತ್ತದೆ. ಆ ದಾರಿಯಲ್ಲೇ ವೋಲ್ಟು ಕಳೆದುಹೋಗಿ ಟೆಂಪರೇಚರ್ ಮೀಟರ್ ತಪ್ಪು ತೋರಿಸುತ್ತದೆ. ಹಾಗಾಗಿ ಹೆಡ್‌ಲೈಟೇ ಬೇಕಿಲ್ಲ, ಪಾರ್ಕಿಂಗ್ ಲೈಟ್ ಹಾಕಿದರೂ ಮುಳ್ಳು ಹಾರುತ್ತದೆ. 1.5 ಸ್ಕ್ವೇರ್ ಎಂಎಂ ಕಪ್ಪು ವಯರನ್ನು ಮೂರೂ ಮೀಟರಿಗೆ ಸರಪಳಿಯಂತೆ ಕೊಟ್ಟು ನೇರ ಬ್ಯಾಟರಿ ನೆಗೆಟಿವ್‌ಗೆ ಎಳೆದೆ. ಚಿಲ್ಲರೆ ಖರ್ಚು. ಅವತ್ತಿನಿಂದ ಮುಳ್ಳು ಅಲ್ಲಾಡಿಲ್ಲ. ಸೂಚನೆ ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ ಅನ್ನುವುದೇ ನನ್ನ ಸಿಟ್ಟು.

ಹಳೇ ಆಂಪಿಯರ್ ಮೀಟರ್ ತೆಗೆದು ಆ ತೂತಿಗೆ ವೋಲ್ಟ್ ಮೀಟರ್ ಕೂರಿಸುವವರು ಗಮನಿಸಿ. ಆಂಪಿಯರ್ ಮೀಟರಿನ ಹಿಂದಿನ ಎರಡು ದಪ್ಪ ವಯರ್‌ಗಳಲ್ಲಿ ಹರಿಯುವುದು ಚಾರ್ಜಿಂಗ್ ಕರೆಂಟು. ಅವೆರಡನ್ನೂ ಬೋಲ್ಟ್ ಹಾಕಿ ಬಿಗಿದು, ಮೇಲೆ ಚೆನ್ನಾಗಿ ಇನ್ಸುಲೇಷನ್ ಸುತ್ತಬೇಕು. ಬಿಡಿಯಾಗಿ ಬಿಟ್ಟರೆ ಬ್ಯಾಟರಿಗೆ ಚಾರ್ಜೇ ಹೋಗಲ್ಲ. ವೋಲ್ಟ್ ಮೀಟರಿಗೆ ಇಗ್ನಿಷನ್ನಿಂದ ಸಣ್ಣ ಫ್ಯೂಸ್ ಇಟ್ಟು ಲೈನ್ ತಗೊಂಡರೆ ಸಾಕು.

ಮೂರು ಸಾವಿರದೊಳಗಿನ ಬಜೆಟ್ಟಿಗೆ ಈ ಸೆಟ್ ಅಡ್ಡಿಯಿಲ್ಲ. ಗಾಜಿನೊಳಗೆ ಇನ್ನೂ ತೇವ ಹೊಕ್ಕಿಲ್ಲ. ಮಲೆನಾಡಿನ ಮಳೆಯಲ್ಲಿ ಅದು ಸಣ್ಣ ಮಾತಲ್ಲ. ಸಂಜೆ ಹಳದಿ ಬೆಳಕಲ್ಲಿ ಮೂರೂ ಮೀಟರ್ ನೋಡಲು ಚಂದ, ಸುಮ್ನೆ ಹೇಳಬಾರದು. ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ತ್ ವಯರ್ ನೆಟ್ಟಗಿದ್ದಿದ್ದರೆ ನಾಲ್ಕೂವರೆ.

ಫ್ಯೂಯೆಲ್ ಮೀಟರ್ ಕೂಡ ಇರುವ ನಾಲ್ಕರ ಸೆಟ್ ತಗೊಳ್ಳುವವರು ಮೊದಲು ಟ್ಯಾಂಕಿನ ಫ್ಲೋಟ್ (ಡೀಸೆಲ್ ಮಟ್ಟ ತಿಳಿಸುವ ಸೆನ್ಸರ್) ಎಷ್ಟು ಓಮ್ ತೋರಿಸುತ್ತದೆಂದು ಅಳೆಯಿರಿ. ಖಾಲಿಯಲ್ಲಿ 240, ತುಂಬಿದಾಗ 33 ಓಮ್ ತೋರಿಸುವ ಫ್ಲೋಟಿಗೆ ಖಾಲಿಗೆ 10, ಫುಲ್‌ಗೆ 180 ಓಮ್ ಎಂದು ಓದುವ ಮೀಟರ್ ಹಾಕಿದರೆ ಎಲ್ಲ ಉಲ್ಟಾ. ಟ್ಯಾಂಕ್ ಖಾಲಿಯಾಗುತ್ತಾ ಹೋದಂತೆ ಮುಳ್ಳು ಫುಲ್ ಕಡೆಗೆ ಏರುತ್ತದೆ.