850 ರೂಪಾಯಿಯ ಒಬಿಡಿ ಸ್ಕ್ಯಾನರ್: ಎರಡೂವರೆ ವರ್ಷ ಬಳಸಿದ ಮೇಲೆ

ವಿಜಯಪುರದ ಗಾಂಧಿ ಚೌಕ್‌ನ ಟ್ರಾಫಿಕ್‌ನಲ್ಲಿ ಕಾರು ನಿಂತರೆ ಸಾಕು, ಸ್ಟೇರಿಂಗ್ ನಡುಗೋದು. ಪಕ್ಕದಲ್ಲಿಟ್ಟ ನೀರಿನ ಬಾಟಲಿ ಬುಡುಬುಡು ಸದ್ದು ಮಾಡೋದು. ಎಸಿ ಹಾಕಿದರಂತೂ ಹಿಟ್ಟಿನ ಗಿರಣಿಯಲ್ಲಿ ಕೂತ ಹಾಗೆ. 2023ರ ಫೆಬ್ರವರಿಯಲ್ಲಿ ನನ್ನ ಪರಿಸ್ಥಿತಿ ಇದು. ಆಗಲೇ ಈ ಒಬಿಡಿ ಸ್ಕ್ಯಾನರ್ ತರಿಸಿದೆ, ಅಂದರೆ ಎಂಜಿನ್ ನಡೆಸೋ ಕಂಪ್ಯೂಟರ್ ಏನು ಹೇಳುತ್ತೆ ಅಂತ ಓದೋ ಸಾಧನ.

ನನ್ನದು 2014ರ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ನಂಬರ್ ಪ್ಲೇಟ್ ಇನ್ನೂ ಕೆಎ-05, ಹಾಗಾಗಿ ವಿಜಯಪುರದಲ್ಲಿ ಪಾರ್ಕಿಂಗ್‌ನವನೂ "ಬೆಂಗಳೂರಿಂದ ಯಾವಾಗ ಬಂದ್ರಿ" ಅಂತ ಕೇಳುತ್ತಾನೆ. ಸ್ಕ್ಯಾನರ್ ತಗೊಳ್ಳೋ ಮೊದಲು ಒಂದು ಗ್ಯಾರೇಜ್‌ಗೆ ಹೋಗಿದ್ದೆ. ನಾಲ್ಕೂ ಪ್ಲಗ್ ಬದಲಿಸಿ, ಥ್ರಾಟಲ್ ಬಾಡಿ ತೊಳೆದು, ಇಂಜೆಕ್ಟರ್ ಕ್ಲೀನ್ ಮಾಡಿ 4,200 ರೂಪಾಯಿ ತಗೊಂಡರು. ಮೂರು ದಿನ ಗಾಡಿ ಬೆಣ್ಣೆ ಹಾಗಿತ್ತು. ನಾಲ್ಕನೇ ದಿನ ಮತ್ತೆ ಅದೇ ನಡುಕ. ಮತ್ತೆ ಹೋದರೆ "ಕಂಪ್ಯೂಟರ್ ಹೋಗಿರಬೇಕು, ಹದಿನೈದು ಸಾವಿರ ಹಿಡೀರಿ" ಅಂದರು. ಅಷ್ಟು ಹೊತ್ತಿಗೂ ಯಾರೂ ಆ ಕಂಪ್ಯೂಟರನ್ನು ಏನಾಗಿದೆ ಅಂತ ಕೇಳಿಯೇ ಇರಲಿಲ್ಲ!

ಸ್ಕ್ಯಾನರ್ ನೋಡೋಕೆ ಬೆಂಕಿಪೊಟ್ಟಣದಷ್ಟಿದೆ, ನೀಲಿ ಪ್ಲಾಸ್ಟಿಕ್. ಸ್ಟೇರಿಂಗ್ ಕೆಳಗೆ, ಎಡ ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತೆ, ಅದಕ್ಕೆ ಚುಚ್ಚೋದು. ಬ್ಲೂಟೂತ್‌ನಲ್ಲಿ ಮೊಬೈಲ್‌ಗೆ ಜೋಡಿಸಿ ಆ್ಯಪ್ ತೆರೆದರೆ ಎಂಜಿನ್ ಕಂಪ್ಯೂಟರ್ ಬರೆದಿಟ್ಟುಕೊಂಡ ಕೋಡ್‌ಗಳು ಕಾಣುತ್ತವೆ. ಆ್ಯಪ್‌ನ ಫ್ರೀ ಆವೃತ್ತಿಯೇ ಸಾಕು. ಆದರೆ ಮೊದಲು ನಿಮ್ಮ ಗಾಡಿಗೆ ಆಗುತ್ತಾ ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಬಿಎಸ್-4 (ಹೊಗೆ ನಿಯಮದ ಒಂದು ಹಂತ) ಕಾರುಗಳಿಗೆ ಒಬಿಡಿ-2, ಅಂದರೆ ಗಾಡಿ ತನ್ನ ದೋಷ ತಾನೇ ಗುರುತಿಸೋ ವ್ಯವಸ್ಥೆ, ಕಡ್ಡಾಯ ಆಗಿದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯದಾದರೆ ಸಾಕೆಟ್ ಇದ್ದರೂ ಮಾತಾಡುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನಮ್ಮ ಸೋದರಮಾವನ 2009ರ ಡೀಸೆಲ್ ಜೀಪಿಗೆ ಚುಚ್ಚಿದೆ. ಕೆಂಪು ದೀಪ ಹತ್ತಿತು, ಅಷ್ಟೇ. ಮಾವ ಇವತ್ತಿಗೂ ಅದನ್ನು "ನಿನ್ನ ದೀಪಾವಳಿ ದೀಪ" ಅಂತಾನೇ ಕರೆಯೋದು.

ನನ್ನ ಕಾರಿಗೆ ಚುಚ್ಚಿದಾಗ ಬಂದ ಕೋಡ್ ಪಿ0302. ಇದನ್ನು ಓದೋದು ಸುಲಭ. ಪಿ0300 ಅಂದರೆ ಮಿಸ್ಸಿಂಗ್ ಇದೆ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ), ಆದರೆ ಇಂಥದ್ದೇ ಸಿಲಿಂಡರ್ ಅಂತಿಲ್ಲ. ಕೊನೆಯಲ್ಲಿ ಸೊನ್ನೆ ಬದಲು 1, 2, 3, 4 ಬಂದರೆ ಅದೇ ಸಿಲಿಂಡರ್ ನಂಬರ್. ಅಂದರೆ ನನ್ನ ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿರಲಿಲ್ಲ. ಯಾಕೆ ಅಂತ ಮಾತ್ರ ಕೋಡ್ ಹೇಳೋದಿಲ್ಲ. ಪ್ಲಗ್ ಇರಬಹುದು, ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡೋ ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು, ಕಂಪ್ರೆಷನ್ನೇ ಕಮ್ಮಿ ಆಗಿರಬಹುದು. ತುಂಬಾ ಜನ ಎಡವೋದು ಇಲ್ಲೇ. ಕೋಡ್ ನೋಡಿದ ಕೂಡಲೇ ಅಂಗಡಿಗೆ ಓಡಿ ಕಾಯಿಲ್ ತರುತ್ತಾರೆ.

ನಾನು ಮಾಡಿದ್ದು ಅದಲಾಬದಲಿ. ಒಂದು ಭಾನುವಾರ ಬೆಳಗ್ಗೆ, ಎಂಜಿನ್ ತಣ್ಣಗಿದ್ದಾಗ, 10 ನಂಬರ್ ಸಾಕೆಟ್ ಪಾನಾ ಹಾಕಿ ಎರಡನೇ ಕಾಯಿಲ್ ಬಿಚ್ಚಿ ನಾಲ್ಕರ ಜಾಗಕ್ಕೆ ಹಾಕಿದೆ, ನಾಲ್ಕರದ್ದನ್ನು ಎರಡಕ್ಕೆ. ಕನೆಕ್ಟರ್ ಕ್ಲಿಪ್ ಜೋರಾಗಿ ಎಳೀಬೇಡಿ. ನಮ್ಮೂರ ಬಿಸಿಲಿಗೆ ಹಳೆ ಪ್ಲಾಸ್ಟಿಕ್ ಹಪ್ಪಳ ಆಗಿರುತ್ತೆ, ನನ್ನದೊಂದು ಪಟ್ ಅಂತ ಮುರಿದೇ ಹೋಯಿತು. ಕೋಡ್ ಅಳಿಸಿ ಸೋಲಾಪುರ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗಿ ಬಂದೆ. ಹೊಸ ಕೋಡ್ ಬಂತು, ಪಿ0304. ಕಾಯಿಲ್ ಜೊತೆ ರೋಗವೂ ಜಾಗ ಬದಲಿಸಿತ್ತು. ಆಮೇಲೆ ಕಾಯಿಲ್‌ನ ರಬ್ಬರ್ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ಉದ್ದಕ್ಕೂ ಕೂದಲೆಳೆಯಂಥ ಬಿಳಿ ಗೆರೆ. ಕಿಡಿ ಪ್ಲಗ್‌ನ ತುದಿಗೆ ಹೋಗೋ ಬದಲು ಅಲ್ಲಿಂದಲೇ ಎಂಜಿನ್ ಬಾಡಿಗೆ ಹಾರುತ್ತಿತ್ತು. ಹೊಸ ಕಾಯಿಲ್‌ಗೆ 1,850 ರೂಪಾಯಿ. ಹದಿನೈದು ಸಾವಿರ ಉಳಿಯಿತು, 4,200 ಹೋದದ್ದು ಹೋಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಚೆಕ್ ಎಂಜಿನ್ ದೀಪ ಸುಮ್ನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಮನೆ ಸೇರಬಹುದು. ಅದು ಮಿಣಕ್ ಮಿಣಕ್ ಅಂತಿದ್ದರೆ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತೆ, ಆ ಬಿಸಿಗೆ ಒಳಗಿನ ಜೇನುಗೂಡಿನಂಥ ಭಾಗ ಕರಗುತ್ತೆ. ಅದರ ಬೆಲೆ ಕೇಳಿದರೆ ಕಾಯಿಲ್ ಪ್ರಸಾದ ಅನ್ನಿಸುತ್ತೆ.

ಎರಡನೇ ಸಲ ತೊಂದರೆ ಬಂದದ್ದು 2025ರ ಜುಲೈನಲ್ಲಿ. ಇದು ತಲೆ ತಿಂದಿತು. ಓಡುವಾಗ ಗಾಡಿ ಸರಿ, ನಿಂತಾಗ ಮಾತ್ರ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) 600ಕ್ಕೆ ಬಿದ್ದು ಮತ್ತೆ 900ಕ್ಕೆ ಏರೋದು. ಕೋಡ್ ಎರಡು, ಪಿ0300 ಮತ್ತು ಪಿ0171. ಎರಡನೆಯದರ ಅರ್ಥ, ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಕೇಳಿದವರೆಲ್ಲ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಮೇಲೆ ಗೂಬೆ ಕೂರಿಸಿದರು. ಸುತ್ತಮುತ್ತ ಇರೋದೇ ಕಬ್ಬು, ಸಕ್ಕರೆ ಕಾರ್ಖಾನೆ, ಎಥನಾಲ್. ಅನುಮಾನ ಬರೋದು ಸಹಜ ಅಲ್ವಾ?

ಇಲ್ಲಿ ಕೆಲಸಕ್ಕೆ ಬಂದದ್ದು ಕೋಡ್ ಅಲ್ಲ, ಫ್ಯೂಯಲ್ ಟ್ರಿಮ್. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಜಾಸ್ತಿ ಅಥವಾ ಕಮ್ಮಿ ಪೆಟ್ರೋಲ್ ಹಾಕುತ್ತಿದೆ ಅನ್ನೋದೇ ಈ ಟ್ರಿಮ್. ಹತ್ತರ ಒಳಗಿದ್ದರೆ ಚಿಂತೆ ಬೇಡ. ನನ್ನದು ನಿಂತಾಗ 21 ಜಾಸ್ತಿ. ಎಕ್ಸಲರೇಟರ್ ಒತ್ತಿ 2,500 ಆರ್‌ಪಿಎಂಗೆ ಹಿಡಿದರೆ 6ಕ್ಕೆ ಇಳಿಯಿತು. ತಪ್ಪು ಪೆಟ್ರೋಲ್‌ನದ್ದೇ ಆಗಿದ್ದರೆ ಹೀಗಾಗೋದಿಲ್ಲ. ಒಂದು ಪಾಲು ಪೆಟ್ರೋಲ್ ಉರಿಯೋಕೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಪಾಲು ಸಾಕು. ಹಾಗಾಗಿ ಎಥನಾಲ್ ಬೆರೆತರೆ ಟ್ರಿಮ್ ಸ್ವಲ್ಪ ಏರೋದು ನಿಜ, ಆದರೆ ನಿಂತಾಗಲೂ ಏರಬೇಕು, ಓಡುವಾಗಲೂ ಏರಬೇಕು. ನಿಂತಾಗ ಮಾತ್ರ ಏರಿದೆ ಅಂದರೆ ಎಲ್ಲೋ ಸಣ್ಣ ತೂತಿನಿಂದ ಕಳ್ಳಗಾಳಿ ಒಳಗೆ ನುಗ್ಗುತ್ತಿದೆ ಅಂತ. ಎಂಜಿನ್ ನಿಧಾನಕ್ಕೆ ತಿರುಗುವಾಗ ಅಷ್ಟು ಗಾಳಿಯೇ ದೊಡ್ಡದು. ಜೋರಾಗಿ ಉಸಿರಾಡುವಾಗ ಲೆಕ್ಕಕ್ಕೇ ಬರೋದಿಲ್ಲ.

ತೂತು ಎಲ್ಲಿ? ಅದು ಸ್ಕ್ಯಾನರ್‌ಗೆ ಗೊತ್ತಿಲ್ಲ. ಅರ್ಧ ದಿನ ನಾನೇ ಹುಡುಕಿ ಸೋತು, ಅಥಣಿ ರಸ್ತೆಯಲ್ಲಿರೋ ಒಬ್ಬ ಹಳೇ ಮಿಸ್ತ್ರಿ ಹತ್ತಿರ ಹೋದೆ. "ಏನ್ರಿ ಸರ, ಮೊಬೈಲ್ ನೋಡ್ಕೋತ ಗಾಡಿ ರಿಪೇರಿ ಮಾಡ್ತೀರೇನು?" ಅಂತ ನಕ್ಕರು. ನಾನು ನಂಬರ್ ತೋರಿಸಿ, "ಕಾಕಾ, ನಿಂತಾಗ ಇಷ್ಟೈತಿ, ರೇಸ್ ಮಾಡಿದ್ರ ಇಷ್ಟಕ್ಕ ಇಳೀತೈತಿ" ಅಂದೆ. ನಗು ನಿಲ್ಲಿಸಿದರು. "ಹಂಗಾದ್ರ ಗಾಳಿ ಹಿಡಿಯಾಕತ್ತೈತಿ. ನಿಮ್ಮ ಮಿಷಿನ್ ನಂಬರ್ ಬರೋಬ್ಬರಿ ಹೇಳತೈತ್ರಿ. ಬ್ಯಾನಿ ಎಲ್ಲೈತಿ ಅಂತ ಕೈಲೆ ಹುಡುಕಬೇಕು."

ಎಂಜಿನ್ ಚಾಲೂ ಇಟ್ಟು, ಬಾಟಲಿ ಮುಚ್ಚಳಕ್ಕೆ ತೂತು ಹಾಕಿ, ವೈರಿಂಗ್ ಮೇಲೆ ಬೀಳದ ಹಾಗೆ ಒಂದೊಂದು ಪೈಪಿಗೂ ಸ್ವಲ್ಪ ಸ್ವಲ್ಪ ನೀರು ಬಿಟ್ಟರು. ನಾನು ಮೊಬೈಲ್ ಹಿಡಿದು ಆರ್‌ಪಿಎಂ ಓದುತ್ತಿದ್ದೆ. ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಇನ್‌ಟೇಕ್ ಮ್ಯಾನಿಫೋಲ್ಡ್ ಹಿಂದಿನ ಒಂದು ಮೂಲೆಗೆ ನೀರು ಬಿದ್ದ ಕೂಡಲೇ ನಡುಕ ನಿಂತಿತು. ಎರಡು ಸೆಕೆಂಡ್, ಮತ್ತೆ ಶುರು. ನೀರು ಬಿರುಕನ್ನು ಅಷ್ಟು ಹೊತ್ತು ಮುಚ್ಚಿತ್ತು. ಅಲ್ಲಿದ್ದದ್ದು ಪಿಸಿವಿ ಪೈಪ್‌ನ (ಎಂಜಿನ್ ಒಳಗಿನ ಹೊಗೆಯನ್ನು ಮತ್ತೆ ಗಾಳಿ ದಾರಿಗೆ ಒಯ್ಯೋ ಪೈಪ್) ಮೊಣಕೈ. ಬಿಚ್ಚಿ ಕೈಗೆ ಕೊಟ್ಟಾಗ ನೆಟ್ಟಗೇ ಇತ್ತು. ಬಗ್ಗಿಸಿದಾಗ ಒಳಮೈಯಲ್ಲಿ ಉಗುರಿನಷ್ಟು ಬಿರುಕು ಬಾಯಿಬಿಟ್ಟಿತು, ಅಂಚಿಗೆಲ್ಲ ಕಪ್ಪು ಎಣ್ಣೆ. ಪೈಪಿಗೆ 340 ರೂಪಾಯಿ, ಕಾಕಾನ ಕೂಲಿ 300. ಎರಡು ದಿನದಲ್ಲಿ ಟ್ರಿಮ್ ನಿಂತಾಗಲೂ ಓಡುವಾಗಲೂ 4ಕ್ಕೆ ಬಂದು ಕೂತಿತು. ಉಳಿದ ಆ ನಾಲ್ಕು ಇ20ದ್ದು ಇರಬೇಕು, ಅದರ ಜೊತೆ ನನಗೆ ಜಗಳ ಇಲ್ಲ.

ಈಗ ದೂರುಗಳು. ದೊಡ್ಡದು ಬ್ಯಾಟರಿ. ಇದಕ್ಕೆ ಆನ್-ಆಫ್ ಸ್ವಿಚ್ ಇಲ್ಲ, ಕೀ ತೆಗೆದರೂ ಕರೆಂಟ್ ಕುಡೀತಾನೇ ಇರುತ್ತೆ. ಒಮ್ಮೆ ಚುಚ್ಚಿದ್ದು ಮರೆತು ಹತ್ತು ದಿನ ಪುಣೆಗೆ ಹೋಗಿದ್ದೆ. ಬಂದು ಕೀ ತಿರುಗಿಸಿದರೆ ಟಕ್ ಟಕ್ ಅಷ್ಟೇ, ಪಕ್ಕದ ಮನೆ ಟ್ರ್ಯಾಕ್ಟರ್ ಬ್ಯಾಟರಿಯಿಂದ ಜಂಪ್ ಕೊಡಬೇಕಾಯಿತು. ಎರಡನೆಯದು, ಇದು ಐಫೋನ್‌ಗೆ ಸೇರೋದಿಲ್ಲ, ಅದಕ್ಕೆ ಬೇರೆ ಥರದ್ದು ಬೇಕು. ಮೂರನೆಯದು, ಡಬ್ಬಿ ಮೇಲೆ ಇಎಲ್‌ಎಂ327, ಆವೃತ್ತಿ 1.5 ಅಂತ ಬರೆದಿದೆ. ಆ ಚಿಪ್ ಮಾಡುತ್ತಿದ್ದ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ 1.5 ಅನ್ನೋ ಆವೃತ್ತಿಯನ್ನೇ ತಂದಿರಲಿಲ್ಲ. ಅಂದರೆ ಇದು ನಕಲು, ಈ ರೇಟಿಗೆ ಸಿಗೋದು ಹೆಚ್ಚೂಕಮ್ಮಿ ಎಲ್ಲ ನಕಲೇ. ಕೋಡ್ ಓದೋಕೆ ಸಾಕು, ಆದರೆ ಆ್ಯಪ್‌ನಲ್ಲಿ ಮೂರ್ನಾಲ್ಕು ಮೀಟರ್ ಒಟ್ಟಿಗೆ ತೆರೆದರೆ ಮುಳ್ಳು ಎತ್ತಿನಗಾಡಿ ಥರ ಹಿಂದೆ ಬೀಳುತ್ತೆ. ಎಬಿಎಸ್, ಏರ್‌ಬ್ಯಾಗ್ ಕೋಡ್ ನನ್ನ ಕಾರಿನಲ್ಲಿ ಇದು ಓದಲೇ ಇಲ್ಲ.

ನಾನು ಎಣಿಸದೇ ಇದ್ದ ಒಂದು ಲಾಭವೂ ಆಯಿತು. ನಮ್ಮ ಭಾವ ಬಾಗಲಕೋಟೆಯ ನವನಗರದಲ್ಲಿ ಒಂದು ಹಳೇ ಕಾರು ನೋಡೋಕೆ ಕರೆದಿದ್ದರು. ದೀಪ ಒಂದೂ ಹತ್ತಿರಲಿಲ್ಲ, ಐಡ್ಲಿಂಗ್ ಮಾತ್ರ ಸ್ವಲ್ಪ ಒರಟು. ಸ್ಕ್ಯಾನರ್ ಹಾಕಿದರೆ ಕೋಡ್ ಇಲ್ಲ, ಆದರೆ ಕಂಪ್ಯೂಟರ್ ತಾನೇ ಮಾಡಿಕೊಳ್ಳೋ ಪರೀಕ್ಷೆಗಳೆಲ್ಲ ಅರ್ಧಕ್ಕೇ ನಿಂತಿದ್ದವು. ಬ್ಯಾಟರಿ ಬಿಚ್ಚಿದಾಗ ಅಥವಾ ಕೋಡ್ ಅಳಿಸಿದಾಗ ಹೀಗಾಗುತ್ತೆ. "ಬ್ಯಾಟರಿ ಈಗೀಗ ಬದಲಿಸಿದ್ರೇನ್ರಿ?" ಅಂತ ಕೇಳಿದರೆ ಕಾರು ಮಾರೋರು ಇಲ್ಲ ಅಂದರು. ಭಾವ ಚಹಾ ಕುಡಿದು ಎದ್ದುಬಂದರು.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಬ್ಯಾಟರಿಗೆ. ಸ್ಕ್ಯಾನರ್ ಈಗ ಹಳೆ ಕನ್ನಡಕದ ಡಬ್ಬಿಯಲ್ಲಿ, ಡ್ಯಾಶ್‌ಬೋರ್ಡ್ ಒಳಗೆ ಇರುತ್ತೆ. ಇರಬೇಕಿತ್ತು. ಅಥಣಿ ರಸ್ತೆ ಕಾಕಾ "ಎರಡ ದಿನ ಕೊಡ್ರಿ ಸರ" ಅಂತ ಇಸ್ಕೊಂಡು ಮೂರು ವಾರ ಆಯಿತು.